ಬೆಳ್ಳಿ ಹಬ್ಬಕ್ಕೆ ಗುಹೆ ಪ್ರವಾಸ: ಒಬ್ಬರಿಗೆ ಆಸೆ, ಇನ್ನೊಬ್ಬರಿಗೆ ಭಯ ಇದ್ದರೆ?

ಪ್ರಶ್ನೆ: ಬರುವ ಡಿಸೆಂಬರ್‌ಗೆ ನಮ್ಮ ಮದುವೆಯಾಗಿ 25 ವರ್ಷ. ಬಳ್ಳಾರಿಯಲ್ಲಿದ್ದೇವೆ. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಾಳೆ. ಭೂಮಿಯೊಳಗೆ ಇಳಿದು ಹೋಗುವಂಥ ಗುಹೆ ನೋಡಬೇಕು ಅಂತ ಅವಳಿಗೆ ಬಹಳ ವರ್ಷದ ಆಸೆ. ಮಕ್ಕಳು ಮೇಘಾಲಯಕ್ಕೆ ಟಿಕೆಟ್ ಮಾಡಿಸ್ತೀವಿ ಅಂತಿದ್ದಾರೆ. ನಮಗೆ ಸಿಗೋದು ಮೂರೇ ದಿನ ರಜೆ. ನನಗೆ 54 ವರ್ಷ, ಬಿಪಿ ಮಾತ್ರೆ ತಗೋತೀನಿ, ಮಂಡಿ ನೋವಿದೆ. ಇನ್ನೊಂದು ವಿಷಯ. ಲಿಫ್ಟ್‌ನಲ್ಲಿ ಕರೆಂಟ್ ಹೋದರೆ ನನಗೆ ಉಸಿರು ಕಟ್ಟಿದ ಹಾಗೆ ಆಗುತ್ತೆ. ಇದನ್ನು ಅವಳಿಗೆ ಹೇಳಿಲ್ಲ. ಹೇಳಿದರೆ ಪ್ರವಾಸವೇ ಬೇಡ ಅಂದುಬಿಡ್ತಾಳೆ. ಸರ್‌ಪ್ರೈಸ್ ಕೊಡೋಣ ಅಂತಿದ್ದೀನಿ. ಎಲ್ಲಿಗೆ ಹೋಗಲಿ?

ಉತ್ತರ: ಸರ್, ಮೊದಲು ಇಬ್ಬರಿಗೂ ಶುಭಾಶಯ. ನೀವು ಹೋಗಬೇಕಾದದ್ದು ಆಂಧ್ರದ ಬೆಲಂ ಗುಹೆಗೆ. ಬಳ್ಳಾರಿಯಿಂದ ಗುಂತಕಲ್, ಗುತ್ತಿ, ತಾಡಪತ್ರಿ ಮೇಲೆ ಹೋದರೆ ಸುಮಾರು 160 ಕಿಲೋಮೀಟರ್. ಆದರೆ ಸರ್‌ಪ್ರೈಸ್ ಮಾತ್ರ ಬೇಡ. ಹೊರಡೋ ಮುಂಚೆ ನಿಮ್ಮ ಭಯದ ವಿಷಯ ಅವರಿಗೆ ಗೊತ್ತಿರಲೇಬೇಕು.

ಜನರನ್ನು ಗುಹೆಗಳಿಗೆ ಕರೆದುಕೊಂಡು ಹೋಗೋದೇ ನನ್ನ ಕೆಲಸ. ಈ ಕೆಲಸದಲ್ಲಿ ಒಂದು ನಿಯಮ ಇದೆ. ಗುಂಪಿನಲ್ಲಿ ಯಾರಿಗೆ ಜಾಸ್ತಿ ಹಿಂಜರಿಕೆ ಇದೆಯೋ, ನಡಿಗೆಯ ವೇಗ ಅವರದ್ದು. ಎಲ್ಲಿ ನಿಲ್ಲಬೇಕು, ಎಲ್ಲಿಂದ ವಾಪಸ್ ತಿರುಗಬೇಕು ಅನ್ನೋದನ್ನೂ ಅವರೇ ಹೇಳಬೇಕು. ನಿಮ್ಮ ಜೋಡಿಯಲ್ಲಿ ಆ ವ್ಯಕ್ತಿ ನೀವು. ಅದು ಮೇಡಂಗೆ ಗೊತ್ತಿಲ್ಲದಿದ್ದರೆ ಅವರು ಖುಷಿಯಲ್ಲಿ ಮುಂದೆ ಮುಂದೆ ಹೋಗ್ತಾರೆ. ನೀವು ಹಿಂದೆ ಹಲ್ಲು ಕಚ್ಚಿಕೊಂಡು ನಡೀತೀರಿ. ಬಿಪಿ ಇರೋರಿಗೆ ಅದು ಒಳ್ಳೇದಲ್ಲ. ಹೇಳಿದರೆ ಪ್ರವಾಸವೇ ಬೇಡ ಅಂತಾರೆ ಅಂದಿರಿ. ಹಾಗಾದರೆ ಭಯದ ಮಾತನ್ನಷ್ಟೇ ಹೇಳಬೇಡಿ, ಪ್ಲ್ಯಾನನ್ನೂ ಜೊತೆಗೇ ಹೇಳಿ. "ಇಂಥ ಜಾಗಕ್ಕೆ ಹೋಗೋಣ, ನನಗೆ ಇಷ್ಟು ತೊಂದರೆ ಇದೆ, ಇಂಥಲ್ಲಿವರೆಗೆ ನಾನು ಬರ್ತೀನಿ, ಆಮೇಲೆ ನೀನು ಗೈಡ್ ಜೊತೆ ನೋಡಿಕೊಂಡು ಬಾ." ಹೀಗೆ ಹೇಳಿದರೆ ಬೇಡ ಅನ್ನೋ ಮಾತೇ ಬರೋದಿಲ್ಲ.

ಮೇಘಾಲಯದ ಬಗ್ಗೆ ಎರಡು ಮಾತು. ಮಕ್ಕಳ ಆಸೆ ದೊಡ್ಡದು, ಜಾಗವೂ ದೊಡ್ಡದೇ. ಕ್ರೆಮ್ ಲಿಯಾಟ್ ಪ್ರಾಹ್ ಅಂತ 30 ಕಿಲೋಮೀಟರಿಗೂ ಉದ್ದದ ಗುಹೆ ಅಲ್ಲಿದೆ. ಸೊಹ್ರಾ, ಅಂದರೆ ನಮ್ಮ ಪಾಠದ ಚಿರಾಪುಂಜಿ, ಅದರ ಹತ್ತಿರದ ಮಾವ್ಮ್ಲುಹ್ ಗುಹೆಯ ಒಂದು ಕಲ್ಲನ್ನು ಪರೀಕ್ಷಿಸಿಯೇ ವಿಜ್ಞಾನಿಗಳು ಕಳೆದ 4200 ವರ್ಷಗಳ ಕಾಲಕ್ಕೆ 'ಮೇಘಾಲಯನ್' ಅಂತ ಹೆಸರಿಟ್ಟರು. ಆ ಹೆಸರು ಅಧಿಕೃತವಾದದ್ದು 2018ರಲ್ಲಿ. ಮೇಡಂಗೆ ಇದು ಖಂಡಿತ ಇಷ್ಟವಾಗುತ್ತೆ. ಆದರೆ ಬಳ್ಳಾರಿಯಿಂದ ಗುವಾಹಟಿ ಸೇರಿ, ಅಲ್ಲಿಂದ ರಸ್ತೆಯಲ್ಲಿ ಬೆಟ್ಟ ಹತ್ತಿ ಸೊಹ್ರಾ ಮುಟ್ಟೋ ಹೊತ್ತಿಗೆ ನಿಮ್ಮ ರಜೆಯ ಅರ್ಧ ಮುಗಿದಿರುತ್ತೆ. ಒಂದು ವಾರ ಸಿಕ್ಕಾಗ ಹೋಗಿ. ಈ ಸಲಕ್ಕೆ ಬೇಡ.

ಕರ್ನಾಟಕದಲ್ಲೇ ಇಲ್ವಾ ಅಂತ ಕೇಳಬಹುದು. ಇವೆ. ಆದರೆ ನಿಮ್ಮ ಮಂಡಿಗೂ ಅವರ ಆಸೆಗೂ ಒಟ್ಟಿಗೆ ಹೊಂದೋದು ಕಷ್ಟ. ಕುಮಟಾ ತಾಲ್ಲೂಕಿನ ಯಾಣ ಸೊಗಸಾದ ಜಾಗ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ನಿಂತರೆ ಮಾತೇ ಹೊರಡೋದಿಲ್ಲ. ಆದರೆ ಅಲ್ಲಿ ಬಂಡೆಯ ಸೀಳಿನೊಳಗೆ ಹೋಗಿ ಬರೋದು, ಭೂಮಿಯೊಳಗೆ ಇಳಿಯೋದಲ್ಲ. ದಕ್ಷಿಣ ಕನ್ನಡದ ನೆಲ್ಲಿತೀರ್ಥದಲ್ಲಿ ಮಂಡಿಯೂರಿ ತೆವಳಬೇಕು. ಬೀದರ್‌ನ ಝರಣಿ ನರಸಿಂಹ ಗುಹೆಯಲ್ಲಿ ಎದೆಮಟ್ಟದವರೆಗೂ ನೀರಿರುತ್ತೆ, ಆ ನೀರಿನಲ್ಲೇ ನಡೆದು ಹೋಗಬೇಕು. ಇವೆರಡೂ ಭಕ್ತಿಯಿಂದ ಹೋಗೋ ಜಾಗ. ಇಕ್ಕಟ್ಟು ಕಂಡರೆ ಉಸಿರು ಕಟ್ಟುವವರಿಗೆ ಮೊದಲ ಗುಹೆಯಾಗಿ ನಾನು ಹೇಳೋದಿಲ್ಲ.

ಈಗ ಬೆಲಂ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ತೀನಿ.

ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಹತ್ತಿರ, ತಾಡಪತ್ರಿಯಿಂದ 30 ಕಿಲೋಮೀಟರ್ ದೂರದಲ್ಲಿ ಇದೆ. ಗುಹೆ ಅಂದ ಕೂಡಲೇ ನಾವು ಬೆಟ್ಟ ಹುಡುಕ್ತೀವಿ. ಅಲ್ಲಿ ಬೆಟ್ಟ ಹತ್ತೋದು ಏನೂ ಇಲ್ಲ. ಬಯಲು ನೆಲದಲ್ಲಿ ಬಾವಿಯಂಥ ಗುಂಡಿಗಳಿವೆ. ಅದರಲ್ಲಿ ಒಂದಕ್ಕೆ ಮೆಟ್ಟಿಲು ಕಟ್ಟಿದ್ದಾರೆ. ಇಳಿದರೆ ಕೆಳಗೆ ಗುಹೆ ಅಡ್ಡಡ್ಡ ಹರಡಿಕೊಂಡಿದೆ. ಒಟ್ಟು ಉದ್ದ 3229 ಮೀಟರ್. ಅದರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಮಾತ್ರ ಜನರಿಗೆ ತೆರೆದಿದೆ. ಆಳವಾದ ಜಾಗ ಪಾತಾಳಗಂಗೆ, ಬಾಗಿಲ ಮಟ್ಟದಿಂದ 46 ಮೀಟರ್ ಕೆಳಗೆ.

1884ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ ಈ ಗುಹೆಯ ಬಗ್ಗೆ ಬರೆದಿಟ್ಟರು. ನಮ್ಮ ಬಳ್ಳಾರಿ ಸೀಮೆಯ ಶಿಲಾಯುಗದ ಹಲವು ನೆಲೆಗಳನ್ನು ಹುಡುಕಿದವರೂ ಅವರೇ. ಆಮೇಲೆ ನೂರು ವರ್ಷ ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ. 1982–83ರಲ್ಲಿ ಡೇನಿಯಲ್ ಗೆಬಾವರ್ ಅನ್ನೋ ಜರ್ಮನ್ ಗುಹಾ ತಜ್ಞರ ತಂಡ ಒಳಗೆ ಇಳಿದು ಅಳತೆ ಮಾಡಿ ನಕ್ಷೆ ಬರೆಯಿತು. ಆಂಧ್ರದ ಪ್ರವಾಸೋದ್ಯಮ ನಿಗಮ ಕೆಸರು ತೆಗೆಸಿ, ದಾರಿ ಮಾಡಿ, ದೀಪ ಹಾಕಿಸಿ 2002ರಲ್ಲಿ ಜನರಿಗೆ ಬಿಟ್ಟಿತು. ಒಳಗೆ ಗಾಳಿ ಬಿಡೋ ವ್ಯವಸ್ಥೆಯೂ ಇದೆ. ನಿಮಗೆ ಈ ಜಾಗ ಹೇಳೋಕೆ ಮುಖ್ಯ ಕಾರಣ ಇದೇ: ದೀಪ, ಗಾಳಿ, ಮೆಟ್ಟಿಲು, ಮತ್ತು ಬಹುಪಾಲು ನೆಟ್ಟಗೆ ನಿಂತು ನಡೆಯೋವಷ್ಟು ಜಾಗ. ಕೆಲವು ಕಡೆ ಬಗ್ಗಬೇಕು, ಕೆಲವು ಕಡೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಆದರೆ ತೆವಳೋ ಪ್ರಸಂಗ ಇಲ್ಲ.

ಗುಹೆ ಆದದ್ದು ಹೇಗೆ ಅನ್ನೋದನ್ನು ನಿಮ್ಮ ಅಡುಗೆಮನೆಯಲ್ಲೇ ನೋಡಬಹುದು. ಕಟ್ಟೆಗೋ ಶೆಲ್ಫಿಗೋ ಕಪ್ಪು ಕಡಪಾ ಕಲ್ಲು ಹಾಕಿಸಿದ್ದರೆ ಅದರ ಮೇಲೆ ನಿಂಬೆರಸ ಬಿದ್ದ ಜಾಗ ಗಮನಿಸಿ. ಹೊಳಪು ಹೋಗಿ ಬೆಳ್ಳಗೆ ಮಚ್ಚೆ ಆಗಿರುತ್ತೆ. ಅದು ಸುಣ್ಣದ ಕಲ್ಲು, ಹುಳಿ ಅದನ್ನು ತಿನ್ನುತ್ತೆ. ಬೆಲಂ ಇರೋದೂ ಅದೇ ಸೀಮೆಯ ಅಂಥದೇ ಕಲ್ಲಿನಲ್ಲಿ. ಮಳೆನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಹುಳಿಯಾಗುತ್ತೆ. ಆ ನೀರು ಬಿರುಕುಗಳಲ್ಲಿ ಇಳಿದು ಲಕ್ಷಾಂತರ ವರ್ಷ ಕಲ್ಲನ್ನು ಕರಗಿಸಿದೆ. ಬಿರುಕು ಅಗಲವಾಗಿ ಕಾಲುವೆಯಾಗಿದೆ, ಕಾಲುವೆ ಓಣಿಯಾಗಿದೆ. ಅದಕ್ಕೇ ಅಲ್ಲಿನ ಗೋಡೆಗಳು ಹೊಳೆದಂಡೆಯ ಬಂಡೆಗಳಷ್ಟೇ ನುಣುಪು.

ಕರಗಿದ ಸುಣ್ಣ ಮತ್ತೆ ಕಲ್ಲಾಗೋದನ್ನೂ ಒಳಗೆ ನೋಡಬಹುದು. ಚಾವಣಿಯಿಂದ ಹನಿ ತೊಟ್ಟಿಕ್ಕುವಾಗ ಒಂಚೂರು ಸುಣ್ಣ ಅಲ್ಲೇ ಉಳಿದು ತೂಗುಕಲ್ಲು ಬೆಳೆಯುತ್ತೆ. ನೆಲಕ್ಕೆ ಬಿದ್ದ ಹನಿಯಿಂದ ಕೆಳಗೂ ಒಂದು ಕಲ್ಲು ಏಳುತ್ತೆ. ಇಂಥ ಕಲ್ಲುಗಳು ಸಾಮಾನ್ಯವಾಗಿ ನೂರು ವರ್ಷಕ್ಕೆ ಬೆಳೆಯೋದು ಒಂದು ಸೆಂಟಿಮೀಟರ್ ಆಸುಪಾಸು. ಅಂದರೆ ನೀವು ಮದುವೆಯಾದಾಗಿನಿಂದ ಇಲ್ಲಿಯವರೆಗೆ ಎರಡೂವರೆ ಮಿಲಿಮೀಟರ್. ಇದನ್ನು ತಲೆಯಲ್ಲಿಟ್ಟುಕೊಂಡು ಕೋಟಿಲಿಂಗಾಲು ಅನ್ನೋ ಕೋಣೆಗೆ ಹೋಗಿ. ಮೇಲಿನ ಕಲ್ಲು ಕೆಳಗಿನ ಕಲ್ಲು ಸೇರಿ ಒಂದು ಭಾರಿ ಕಂಬವೇ ನಿಂತಿದೆ. ಅಲ್ಲಿ ಲೆಕ್ಕ ಹಾಕೋಕೆ ಶುರು ಮಾಡಿದವರು ಬೇಗ ಮುಂದೆ ಹೋಗೋದಿಲ್ಲ.

ಇನ್ನೊಂದು ಕೋಣೆಗೆ ಸಪ್ತಸ್ವರಾಲ ಗುಹೆ ಅಂತ ಹೆಸರು. ಅಲ್ಲಿಯ ತೂಗುಕಲ್ಲನ್ನು ತಟ್ಟಿದರೆ ಲೋಹದಂಥ ನಾದ ಬರುತ್ತೆ. ಗೈಡ್‌ಗಳು ತಟ್ಟಿ ತೋರಿಸ್ತಾರೆ, ನಿಮಗೂ ತಟ್ಟಿ ಅಂತಾರೆ. ದಯವಿಟ್ಟು ತಟ್ಟಬೇಡಿ. ಅವರು ತೋರಿಸಿದ್ದನ್ನು ಕೇಳಿ, ಅಷ್ಟು ಸಾಕು. ಕೈಯ ಎಣ್ಣೆ ಅಂಶ ಮೆತ್ತಿಕೊಂಡ ಕಡೆ ನೀರು ಸರಿಯಾಗಿ ಹರಿಯೋದಿಲ್ಲ, ಸುಣ್ಣ ಕೂರೋದಿಲ್ಲ, ಕಲ್ಲು ಕಪ್ಪಾಗಿ ಬೆಳವಣಿಗೆ ನಿಲ್ಲುತ್ತೆ. ತುದಿ ಮುರಿದರಂತೂ ನಮ್ಮ ಮರಿಮಕ್ಕಳ ಕಾಲಕ್ಕೂ ಅದು ಮರಳಿ ಬರೋದಿಲ್ಲ.

ಹಾಗೇ ಒಳಗೆ ಕೇಕ್ ಕತ್ತರಿಸೋದು, ಮೇಣದಬತ್ತಿ ಹಚ್ಚೋದು, ಬಣ್ಣದ ಪುಡಿ ಹಾರಿಸೋದು ಬೇಡ. ಈಗ ಎಲ್ಲಿ ಹೋದರೂ ರೀಲ್ಸ್‌ಗೋಸ್ಕರ ಇದನ್ನು ಮಾಡ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತೆ. ಮಸಿ ಚಾವಣಿಗೆ ಹಿಡಿದರೆ ಹೋಗೋದಿಲ್ಲ. ತಿಂಡಿಯ ಚೂರು ಬಿದ್ದರೆ ಇಲಿ, ಜಿರಳೆ ಬಂದು ಸೇರಿಕೊಳ್ತವೆ. ರೇಷ್ಮೆ ಸೀರೆ, ಹಾರ, ಕೇಕ್ ಎಲ್ಲಾ ಹೊರಗೆ ಇಟ್ಟುಕೊಳ್ಳಿ. ಗುಹೆಯ ಆವರಣದಲ್ಲೇ ನಿಗಮದ ಹರಿತಾ ಹೋಟೆಲ್ ಇದೆ, ದೊಡ್ಡ ಬುದ್ಧನ ಮೂರ್ತಿಯೂ ಇದೆ. ಫೋಟೋ ಅಲ್ಲೇ ಚೆನ್ನಾಗಿ ಬರುತ್ತೆ.

ಈಗ ನಿಮ್ಮ ದೇಹದ ವಿಷಯ.

ಡಿಸೆಂಬರ್ ಅಂದರೆ ಹೊರಗೆ ಹಿತವಾದ ಚಳಿ. ಒಳಗೂ ತಂಪಿರುತ್ತೆ ಅಂತ ಅಂದುಕೊಂಡು ಸ್ವೆಟರ್ ಹಾಕಿಕೊಂಡು ಹೋಗಬೇಡಿ. ಗುಹೆಯೊಳಗಿನ ಉಷ್ಣತೆ ಆ ಊರಿನ ಇಡೀ ವರ್ಷದ ಸರಾಸರಿಗೆ ಹತ್ತಿರ ಇರುತ್ತೆ. ರಾಯಲಸೀಮೆಯ ಸರಾಸರಿ ಅಂದರೆ ನೀವೇ ಊಹಿಸಿಕೊಳ್ಳಿ. ಅದರ ಮೇಲೆ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರೋದಿಲ್ಲ. ಕಾಲು ಗಂಟೆಯಲ್ಲಿ ಅಂಗಿ ಒದ್ದೆಯಾಗುತ್ತೆ. ಭಯ ಇರೋರಿಗೆ ಈ ಸೆಖೆಯೇ ಉಸಿರುಗಟ್ಟಿದ ಹಾಗೆ ಅನ್ನಿಸಬಹುದು. ಇದು ಸೆಖೆ, ಗಾಳಿ ಇಲ್ಲದ್ದಲ್ಲ ಅಂತ ಮೊದಲೇ ಗೊತ್ತಿದ್ದರೆ ಗಾಬರಿ ಅರ್ಧ ಕಡಿಮೆ. ತೆಳು ಹತ್ತಿ ಬಟ್ಟೆ, ಹಿಡಿತ ಇರೋ ಶೂ, ಒಂದು ಬಾಟಲಿ ನೀರು ಇರಲಿ. ಮೇಡಂ ಆವತ್ತು ಚೂಡಿದಾರ್ ಹಾಕಿಕೊಂಡರೆ ಮೆಟ್ಟಿಲಿಗೆ ಅನುಕೂಲ. ಇಬ್ಬರ ಹತ್ತಿರವೂ ಬೇರೆ ಬೇರೆ ಟಾರ್ಚ್ ಇರಲಿ. ತಲೆಗೆ ಕಟ್ಟೋ ಹೆಡ್‌ಲೈಟ್ ಆದರೆ ಇನ್ನೂ ಒಳ್ಳೇದು. ಮೊಬೈಲ್ ಟಾರ್ಚ್ ನೆಚ್ಚಿಕೊಳ್ಳಬೇಡಿ. ಕರೆಂಟ್ ಹೋದರೆ ಅನ್ನೋ ನಿಮ್ಮ ಭಯಕ್ಕೆ ನಿಮ್ಮ ಕೈಯಲ್ಲೇ ಉತ್ತರ ಇರಬೇಕು.

ಹೊರಡೋದಕ್ಕೆ ಎರಡು ವಾರ ಮುಂಚೆ ನಿಮ್ಮ ಡಾಕ್ಟರ್ ಹತ್ತಿರ ಹೋಗಿ, "ಸೆಖೆ ಇರೋ ಜಾಗದಲ್ಲಿ ಒಂದೂವರೆ ಗಂಟೆ ನಡೆದು ಮೆಟ್ಟಿಲು ಹತ್ತಿ ಇಳೀತೀನಿ" ಅಂತ ಸ್ಪಷ್ಟವಾಗಿ ಹೇಳಿ ಕೇಳಿ. ಸುಮ್ನೆ "ಟ್ರಿಪ್ ಹೋಗ್ತಿದ್ದೀನಿ" ಅಂದರೆ ಅವರೂ "ಹೋಗಿ ಬನ್ನಿ" ಅಂತಾರೆ. ಅವರು ಬೇಡ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಆವತ್ತಿನ ಮಾತ್ರೆ ತಪ್ಪಿಸಬೇಡಿ. ಮಂಡಿಗೆ ಹತ್ತೋದಕ್ಕಿಂತ ಇಳಿಯೋದೇ ತ್ರಾಸ. ನೀ ಕ್ಯಾಪ್ ಹಾಕಿಕೊಂಡು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯಿರಿ. ಹಿಂದಿನವರು ಅವಸರ ಮಾಡಿದರೆ ಪಕ್ಕಕ್ಕೆ ನಿಂತು ದಾರಿ ಬಿಡಿ.

ಭಯಕ್ಕೆ ನಾನು ಹೇಳೋ ಕ್ರಮ ಹೀಗೆ. ಬಾಗಿಲಲ್ಲೇ ಗೈಡ್ ಗೊತ್ತು ಮಾಡಿಕೊಳ್ಳಿ. "ನನಗೆ ಇಕ್ಕಟ್ಟು ಆಗೋದಿಲ್ಲ, ಬೇಕಾದಾಗ ವಾಪಸ್ ಕರೆದುಕೊಂಡು ಬರಬೇಕು" ಅಂತ ಅಲ್ಲೇ ಹೇಳಿ. ಆ ಕಡೆ ತೆಲುಗು, ಆದರೆ ಬಳ್ಳಾರಿಯವರಿಗೆ ತೆಲುಗು ಹೊಸದೇನಲ್ಲ ಅಲ್ವಾ? ಗೈಡ್ ಮುಂದೆ, ನೀವು ನಡುವೆ, ಮೇಡಂ ಹಿಂದೆ. ಕೊನೆಯಲ್ಲಿ ನಡೆಯೋರಿಗೆ ಬೆನ್ನ ಹಿಂದಿನ ಕತ್ತಲೆ ಕಾಡುತ್ತೆ, ಅದಕ್ಕೇ ನೀವು ಕೊನೆಗೆ ಬೇಡ. ಕೆಳಗಿಳಿದ ಮೇಲೆ ಮೊದಲು ಸಿಗೋ ಅಗಲವಾದ ಜಾಗದಲ್ಲಿ ಐದು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಹೊಂದಿಕೊಳ್ಳಲಿ, ಉಸಿರು ನಿಧಾನವಾಗಲಿ. ಉಸಿರು ಎಳೆದುಕೊಳ್ಳೋದಕ್ಕಿಂತ ಬಿಡೋದನ್ನು ಉದ್ದ ಮಾಡಿ. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಎದೆ ಬಡಿತ ಇಳಿಯೋದು ನಿಮಗೇ ಗೊತ್ತಾಗುತ್ತೆ. ಮುಂದೆ ಹೋಗೋಕೆ ಮನಸ್ಸಿಲ್ಲದಿದ್ದರೆ ಮೇಡಂ ಕೈಯನ್ನು ಎರಡು ಸಲ ಅಮುಕಿ. ಅಷ್ಟಕ್ಕೇ ಇಬ್ಬರೂ ತಿರುಗಬೇಕು, ಪ್ರಶ್ನೆ ಕೇಳಬಾರದು. ಇದನ್ನು ಮನೆಯಲ್ಲೇ ಮಾತಾಡಿಕೊಂಡು ಬನ್ನಿ. ತಲೆನೋವು, ತಲೆಸುತ್ತು, ಎದೆ ಬಿಗಿತ ಬಂದರೆ ಮಾತ್ರ ಸುಧಾರಿಸಿಕೊಳ್ಳೋಣ ಅಂತ ಕೂರಬೇಡಿ. ತಕ್ಷಣ ಮೇಲೆ ಬಂದುಬಿಡಿ.

ಪಾತಾಳಗಂಗೆಗೆ ನೀವು ಇಳಿಯಬೇಡಿ. ಕಡಿದಾಗಿದೆ, ನೆಲ ಒದ್ದೆ, ಸೆಖೆಯೂ ಅಲ್ಲೇ ಜಾಸ್ತಿ. ಅಲ್ಲಿ ಒಂದು ಸಣ್ಣ ಝರಿ ಬಂದು ಬಂಡೆಯ ಅಡಿಗೆ ನುಗ್ಗಿ ಕಣ್ಮರೆಯಾಗುತ್ತೆ. ಎರಡು ಕಿಲೋಮೀಟರ್ ದೂರದ ಬೆಲಂ ಊರಿನ ಬಾವಿಗೆ ಅದೇ ನೀರು ಬರುತ್ತೆ ಅಂತ ಅಲ್ಲಿಯವರು ನಂಬ್ತಾರೆ. ಇದನ್ನು ಮೇಡಂ ನೋಡಲೇಬೇಕು. ಅವರು ಗೈಡ್ ಜೊತೆ ಹೋಗಿ ಬರಲಿ. ನೀವು ಮೇಲಿನ ಅಗಲವಾದ ಕೋಣೆಯಲ್ಲಿ ದೀಪದ ಹತ್ತಿರ ನಿಂತಿರಿ. ಜನ ಓಡಾಡ್ತಾ ಇರ್ತಾರೆ, ಒಂಟಿ ಅನ್ನಿಸೋದಿಲ್ಲ. ವಾಪಸ್ ಬಂದು ಅವರು ಕಂಡದ್ದನ್ನು ಹೇಳ್ತಾರೆ. ಪಾಠ ಮಾಡೋರು, ಚೆನ್ನಾಗಿಯೇ ಹೇಳ್ತಾರೆ.

ಮೂರು ದಿನ ಹೀಗೆ ಹಂಚಿಕೊಳ್ಳಿ. ಮೊದಲ ದಿನ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ತಾಡಪತ್ರಿ. ರೈಲಿನಲ್ಲಿ ಬರೋದಾದರೂ ಗುಂತಕಲ್ ಮೇಲೆ ತಾಡಪತ್ರಿ ಸ್ಟೇಷನ್ ಇದೆ. ಸಂಜೆಗೆ ಊರಿನ ಚಿಂತಲ ವೆಂಕಟರಮಣ ಮತ್ತು ಬುಗ್ಗ ರಾಮಲಿಂಗೇಶ್ವರ ದೇವಸ್ಥಾನ ನೋಡಿ. ಎರಡೂ ವಿಜಯನಗರ ಕಾಲದ್ದು. ಹಂಪಿ ಪಕ್ಕದಲ್ಲೇ ಇರೋ ನಿಮಗೂ ಬುಗ್ಗ ರಾಮಲಿಂಗೇಶ್ವರದ ಗೋಪುರದ ಕೆತ್ತನೆ ಆಶ್ಚರ್ಯ ಹುಟ್ಟಿಸುತ್ತೆ. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಪ್ರಯಾಣದ ಆಯಾಸದಲ್ಲೇ ನೇರ ಗುಹೆಗೆ ಇಳಿಯೋದು ಬೇಡ.

ಎರಡನೇ ದಿನ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಅಲ್ಲಿರಿ. ಡಿಸೆಂಬರ್ ಶಾಲಾ ಪ್ರವಾಸದ ತಿಂಗಳು. ನಾಲ್ಕು ಬಸ್ ಮಕ್ಕಳು ಇಳಿದರೆ ಓಣಿಯಲ್ಲಿ ಗಲಾಟೆ, ಸೆಖೆ ಎರಡೂ ಏರುತ್ತೆ. ಮದುವೆಯ ದಿನ ಶನಿವಾರವೋ ಭಾನುವಾರವೋ ಬಿದ್ದರೆ ಗುಹೆಯನ್ನು ವಾರದ ಮಧ್ಯಕ್ಕೆ ಹಾಕಿ, ಆ ದಿನ ಬೇರೆ ಕಡೆ ಇರಿ. ಗುಹೆಯಿಂದ ಬಂದು ಊಟ ಮಾಡಿ ಗಂಡಿಕೋಟಕ್ಕೆ ಹೊರಡಿ, ಸುಮಾರು 60 ಕಿಲೋಮೀಟರ್. ಪೆನ್ನಾ ನದಿ ಕೆಂಪು ಬಂಡೆಗಳನ್ನು ಕಡಿದು ಕಂದಕ ಮಾಡಿದೆ, ಅದರ ಅಂಚಿನಲ್ಲೇ ಕೋಟೆ. ಬೆಳಿಗ್ಗೆಯಿಡೀ ಇಕ್ಕಟ್ಟಿನಲ್ಲಿದ್ದವರಿಗೆ ಸಂಜೆ ಆ ಬಯಲು ಗಾಳಿ ಬೇಕೇ ಬೇಕು. ಮೂರನೇ ದಿನ ವಾಪಸ್.

ಡಾಕ್ಟರ್ ಬೇಡ ಅಂದರೆ, ಅಥವಾ ನಿಮಗೇ ಧೈರ್ಯ ಬರದಿದ್ದರೆ? ಆಗ ಬಾದಾಮಿಗೆ ಹೋಗಿ. ಇದನ್ನು ಎರಡನೇ ದರ್ಜೆಯ ಪ್ರವಾಸ ಅಂತ ತಿಳೀಬೇಡಿ. ಅಲ್ಲಿನ ಗುಹೆಗಳು ಮನುಷ್ಯರು ಕಡಿದದ್ದು. ಮುಂದೆ ತೆರೆದ ಪಡಸಾಲೆ, ಎದುರಿಗೆ ಅಗಸ್ತ್ಯ ತೀರ್ಥ, ಉಸಿರಿನ ಚಿಂತೆಯೇ ಇಲ್ಲ. ಮೆಟ್ಟಿಲು ಸಾಕಷ್ಟಿವೆ, ಆದರೆ ಪ್ರತಿ ಗುಹೆಯ ಹತ್ತಿರ ಕೂತು ಸುಧಾರಿಸಿಕೊಳ್ಳಬಹುದು.

ನೀವು ಸಮಯ ಕೊಡಬೇಕಾದದ್ದು ಮೂರನೇ ಗುಹೆಗೆ. ಚಾಲುಕ್ಯ ಮಂಗಳೇಶ ಅದನ್ನು ಮಾಡಿಸಿದ್ದು ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ. ಅಣ್ಣ ಕೀರ್ತಿವರ್ಮ ಆಳುತ್ತಿದ್ದ ಕಾಲ. ಅಲ್ಲಿಯ ಶಾಸನದಲ್ಲೇ ಇದು ಬರೆದಿದೆ. ಎಲ್ಲರೂ ಹಾವಿನ ಮೇಲೆ ಕೂತ ವಿಷ್ಣುವನ್ನೂ ತ್ರಿವಿಕ್ರಮನನ್ನೂ ನೋಡಿ ಹೊರಟುಬಿಡ್ತಾರೆ. ನೀವು ಪಡಸಾಲೆಯ ಕಂಬದ ಬುಡದಲ್ಲಿ ನಿಂತು ತಲೆ ಎತ್ತಿ. ಕಂಬ ಚಾವಣಿಗೆ ಸೇರುವ ಕಡೆ ಆಸರೆ ಕಲ್ಲುಗಳಲ್ಲಿ ಗಂಡು ಹೆಣ್ಣಿನ ಜೋಡಿಗಳಿವೆ. ಮರದ ನೆರಳಲ್ಲಿ ಆತುಕೊಂಡು ನಿಂತಿದ್ದಾರೆ. ಒಂದೊಂದು ಜೋಡಿಯ ನಿಲುವು ಬೇರೆ, ಕೈ ಇಟ್ಟಿರೋ ಜಾಗ ಬೇರೆ, ತಲೆಗೂದಲ ಕಟ್ಟು ಬೇರೆ. ಅವಸರದಲ್ಲಿ ನೋಡಿದರೆ ಎಲ್ಲಾ ಒಂದೇ ಥರ ಕಾಣುತ್ತೆ. ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಟ್ಟರೆ ಒಡವೆಯ ಗೆರೆಯೂ ಎದ್ದು ಕಾಣುತ್ತೆ. ವಾಪಸ್ ಇಳಿಯುವಾಗ ಮೊದಲನೇ ಗುಹೆಯ ಅರ್ಧನಾರೀಶ್ವರನನ್ನೂ ಹದಿನೆಂಟು ಕೈಯ ನಟರಾಜನನ್ನೂ ನಿಧಾನವಾಗಿ ನೋಡಿ.

ಮರುದಿನ ಪಟ್ಟದಕಲ್ಲು. ಅಲ್ಲಿನ ವಿರೂಪಾಕ್ಷ ದೇವಸ್ಥಾನವನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ. ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದರ ನೆನಪಿಗೆ. ಈ ಕಥೆಯನ್ನು ಮೇಡಂ ನಿಮಗೆ ಹೇಳಲಿ, ಅವರ ಪಾಠದಲ್ಲೇ ಇರುತ್ತೆ.

ಬಾದಾಮಿಯಲ್ಲಿ ಕೋತಿ ಕಾಟ ಜಾಸ್ತಿ. ಕೈಯಲ್ಲಿ ತಿಂಡಿ, ಹೂವಿನ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಬೇಡಿ. ಬೆಲಂ ಆದರೆ ಹೊರಡೋ ಹಿಂದಿನ ದಿನ ಪ್ರವಾಸೋದ್ಯಮ ನಿಗಮಕ್ಕೆ ಫೋನ್ ಮಾಡಿ ಗುಹೆ ತೆರೆದಿದೆಯಾ, ಪಾತಾಳಗಂಗೆಗೆ ಬಿಡ್ತಿದ್ದಾರಾ ಅಂತ ಕೇಳಿಕೊಳ್ಳಿ. ರೂಮ್ ಮಾತ್ರ ಈಗಲೇ ಬುಕ್ ಮಾಡಿ. ಡಿಸೆಂಬರ್ ಎರಡನೇ ವಾರದಿಂದ ಎರಡೂ ಕಡೆ ಸಿಗೋದು ಕಷ್ಟ.